ತಟ್ಟಪ್ಪನ ಹತ್ತು ನಿಮಿಷ

ನನ್ನ ಅಕ್ಕನ ಗಂಡನನ್ನು ಕಾರ್ಖಾನೆಯಲ್ಲಿ ಎಲ್ಲರೂ ತಟ್ಟಪ್ಪ ಎನ್ನುತ್ತಾರೆ. ಮೊದಲ ಸಲ ನಮ್ಮ ಮನೆಗೆ ಬಂದಾಗಲೂ ಕುರ್ಚಿಯ ಕಾಲನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆ ಕುಳಿತ ಪುಣ್ಯಾತ್ಮ. ಅಂದಿನಿಂದಲೇ ಅವನನ್ನು ಕಂಡರೆ ನನಗಾಗದು.

ನಾನು ವೆಲ್ಡರ್. ಕತ್ತರಿಸದೆ, ಕೊರೆಯದೆ ಬೆಸುಗೆಯ ಹುಳುಕು ಹುಡುಕುವುದು ಅವನ ಕೆಲಸ. ಬೆಸುಗೆಯ ಮೇಲೆ ಕೆಂಪು ದ್ರವ ಸಿಂಪಡಿಸಿ ಗಡಿಯಾರ ನೋಡುತ್ತಾ ಹತ್ತು ನಿಮಿಷ ಕೂರುತ್ತಾನೆ. ಮ್ಯಾನೇಜರ್ ಕೂಗಾಡಿದರೂ ಒಂಬತ್ತಕ್ಕೆ ಏಳುವ ಆಸಾಮಿಯಲ್ಲ. ಆಮೇಲೆ ಬಟ್ಟೆಗೆ ಥಿನ್ನರ್ ಹಾಕಿಕೊಂಡು ಒರೆಸುತ್ತಾನೆ. ನೇರವಾಗಿ ಸುರಿಯುವಂತಿಲ್ಲ, ಸುರಿದರೆ ಬಿರುಕಿನೊಳಗೆ ಇಳಿದ ಕೆಂಪೂ ತೊಳೆದುಹೋಗುತ್ತದೆ. ಕೊನೆಗೆ ಬಿಳಿ ಪುಡಿ ಸಿಂಪಡಿಸಿದರೆ ಬಿರುಕಿದ್ದಲ್ಲಿ ಕೆಂಪು ಗೆರೆ ಮೂಡುತ್ತದೆ. ಆಗ ಅವನ ಮುಖ ನೋಡಬೇಕು, ತುಂಬಿದ ಬಸ್ಸಿನಲ್ಲಿ ಸೀಟು ಸಿಕ್ಕವನ ಹಾಗೆ.

ಆ ವರ್ಷ ನನ್ನ ಎರಡು ಬೆಸುಗೆ ತಿರಸ್ಕರಿಸಿದ್ದ. ಮೂರನೆಯದೂ ಹೋದರೆ ನನ್ನ ಕೆಲಸವೇ ಹೋಗುತ್ತಿತ್ತು. ಮೂರನೆಯದು ಕ್ರೇನಿಗೆ ತೂಗುಹಾಕುವ ಕಬ್ಬಿಣದ ತೊಲೆಯದು. ಅದು ಭಾರ ಹೊತ್ತು ಓಡಾಡುವುದು ಪ್ಯಾಕಿಂಗ್ ವಿಭಾಗದ ಮೇಲೆ. ಅಕ್ಕ ಕೆಲಸ ಮಾಡುವುದೂ ಅಲ್ಲೇ.

ಬೆಸೆಯುವಾಗಲೇ ಸರಿಬಂದಿಲ್ಲವೆಂದು ನನ್ನ ಕೈಗೆ ಗೊತ್ತಾಗಿತ್ತು. ತಟ್ಟಪ್ಪ ಕೆಂಪು ಸಿಂಪಡಿಸಿ ಕೂತಿದ್ದಾಗ ಆಫೀಸಿನಿಂದ ಕರೆ ಬಂತು.

"ನೀವು ಹೋಗ್ಬನ್ನಿ ಭಾವ, ಟೈಮಾದ್ಮೇಲೆ ನಾನೇ ಒರೆಸಿಡ್ತೀನಿ" ಎಂದೆ.

ಒಂದು ಗಳಿಗೆ ನನ್ನನ್ನೇ ನೋಡಿ, ಬಟ್ಟೆ ಕೈಗೆ ಕೊಟ್ಟು ಹೋದ. ಜೀವಮಾನದಲ್ಲಿ ಅವನು ಒಮ್ಮೆ ತಟ್ಟಿ ನೋಡದೆ ನಂಬಿದ್ದೆಂದರೆ ಅಂದೇ. ನಾನು ಥಿನ್ನರ್ ಡಬ್ಬಿಯನ್ನೇ ಬಗ್ಗಿಸಿದೆ.

ವಾಪಸು ಬಂದು ಬಿಳಿ ಪುಡಿ ಹೊಡೆದ. ಗೆರೆ ಮೂಡಲಿಲ್ಲ. ಸಹಿ ಹಾಕಲು ಪೆನ್ನು ತೆಗೆದವನು ನೆಲ ನೋಡಿದ. ಸಿಮೆಂಟಿನ ಮೇಲೆ ಕೆಂಪು ನೀರು ನಿಂತಿತ್ತು.

"ಸುರಿದ್ಯಾ?"

"ಇಲ್ಲ ಭಾವ, ಬಟ್ಟೆಲೇ ಒರೆಸ್ದೆ."

"ಬಟ್ಟೆ ತೋರ್ಸು."

ಬಟ್ಟೆ ನನ್ನ ಜೇಬಿನಲ್ಲಿತ್ತು, ಕೊಟ್ಟಾಗ ಇದ್ದಷ್ಟೇ ಬೆಳ್ಳಗೆ.

ಅವನು ಬೈಯಲಿಲ್ಲ. ತೊಲೆಯನ್ನು ತೊಳೆದು, ಒಣಗಿಸಿ, ಮೊದಲಿಂದ ಶುರುಮಾಡಿದ. ಗಡಿಯಾರ ನೋಡುತ್ತಾ ಮತ್ತೆ ಹತ್ತು ನಿಮಿಷ ಕೂತ. ಈ ಸಲ ಬೆರಳುದ್ದದ ಗೆರೆ ಬಂತು. ವರದಿಯಲ್ಲಿ ಎಲ್ಲವನ್ನೂ ಬರೆದ. ಥಿನ್ನರ್ ಸುರಿದವನು ತನ್ನ ಹೆಂಡತಿಯ ತಮ್ಮ ಎಂಬುದನ್ನೂ. ಶತ್ರುವಿಗೂ ಯಾರೂ ಹಾಗೆ ಮಾಡುವುದಿಲ್ಲ. ಮರುದಿನವೇ ನನ್ನನ್ನು ಮನೆಗೆ ಕಳಿಸಿದರು.

ಸಂಜೆ ಅಕ್ಕ ಬಂದಳು. ಅಮ್ಮ ಬಾಗಿಲಲ್ಲೇ ಹಿಡಿದುಕೊಂಡಳು: "ನಿನ್ನ ಗಂಡನಿಗೆ ಕರುಳಿದ್ಯೇನೇ? ಸ್ವಂತ ಭಾಮೈದನ ಅನ್ನಕ್ಕೇ ಕಲ್ಲು ಹಾಕ್ದನಲ್ಲ!"

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಕ್ಕ ಚಪ್ಪಲಿ ಬಿಡಲಿಲ್ಲ. ನನ್ನ ಕಡೆ ತಿರುಗಿದಳು.

"ಗೆರೆ ಬಂತೇನೋ?"

"ಬಂತು."

"ಎಷ್ಟುದ್ದ?"

ತೋರುಬೆರಳು ಎತ್ತಿ ತೋರಿಸಿದೆ. ಅವಳು ಅದನ್ನೇ ನೋಡುತ್ತಾ ನಿಂತಳು.

"ನಾನು ಅದರ ಕೆಳಗೇ ಕೂತ್ಕೊಳ್ಳೋದು ಅಂತ ಗೊತ್ತಿತ್ತಲ್ವಾ ನಿಂಗೆ?"

ನೆನಪಾಗಲಿಲ್ಲ ಎನ್ನಲು ಬಾಯಿ ತೆರೆದೆ. ಅಕ್ಕ ಆಗಲೇ ಮೆಟ್ಟಿಲಿಳಿಯುತ್ತಿದ್ದಳು.

ಈಗ ನಾನು ಮನೆಗಳಿಗೆ ಗೇಟು, ಗ್ರಿಲ್ ಬೆಸೆದುಕೊಡುತ್ತೇನೆ. ಅವನ್ನು ಯಾರೂ ಪರೀಕ್ಷಿಸುವುದಿಲ್ಲ. ಬೀದಿಯಲ್ಲಿ ತಟ್ಟಪ್ಪ ಎದುರಾದರೆ ನಾನು ಆಚೆ ಬದಿಗೆ ದಾಟುತ್ತೇನೆ. ಅಕ್ಕ ಎದುರಾದರೆ ಅವಳೇ ದಾಟುತ್ತಾಳೆ.