ಎಂಟನೆಯ ಕಾರ್ಡು

ಶನಿವಾರ ಮಧ್ಯಾಹ್ನ ಹನ್ನೆರಡೂ ಕಾಲಿಗೆ ನನ್ನ ಗೆಳೆಯ ತೀರಿಕೊಂಡ. ಗಾಲ್ಫ್ ಮೈದಾನದ ಕಚೇರಿಯ ಹೊರಗೆ, ಮರದ ಬೆಂಚಿನ ಮೇಲೆ. ಹೃದಯಾಘಾತ ಎಂದು ವೈದ್ಯರು ಬರೆದುಕೊಟ್ಟರು. ಅರವತ್ತೆರಡು ವರ್ಷ. ಮನೆಯಲ್ಲಿ ಹೆಂಡತಿ, ಒಬ್ಬ ಮಗಳು. ನಾನು ಪಕ್ಕದಲ್ಲೇ ಇದ್ದೆ.

ಅವನನ್ನು ಎಲ್ಲರೂ ಉಲ್ಟಾ ಎನ್ನುತ್ತಿದ್ದರು. ಹುಟ್ಟು ಎಡಚ. ಗರಗಸ, ಕತ್ತರಿ, ಚಹಾ ಲೋಟ ಎಲ್ಲವೂ ಎಡಗೈಯಲ್ಲಿ. ಮೈದಾನದ ಹಿಂಬದಿಯ ರಿಪೇರಿ ಕೋಣೆಯಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದ. ಕೋಲಿನ ಹಳೆಯ ರಬ್ಬರ್ ಹಿಡಿಯನ್ನು ಕೊಕ್ಕೆಯ ಚಾಕುವಿನಿಂದ ಸಿಗಿದು ತೆಗೆಯುವುದು, ಎರಡೂ ಕಡೆ ಅಂಟುವ ಟೇಪು ಸುತ್ತುವುದು, ಸ್ಪಿರಿಟ್ ಸುರಿದು ಹೊಸ ಹಿಡಿಯನ್ನು ಒಂದೇ ಏಟಿಗೆ ನೂಕುವುದು. ಅರ್ಧಕ್ಕೆ ನಿಂತರೆ ಟೇಪಿನ ಅಂಟು ಹಿಡಿದುಕೊಳ್ಳುತ್ತದೆ, ಮತ್ತೆ ಸಿಗಿಯಬೇಕು. ಅವನ ಕೈಯಲ್ಲಿ ಅದು ಅರ್ಧಕ್ಕೆ ನಿಂತದ್ದನ್ನು ನಾನು ನೋಡಿಲ್ಲ. ನಾನು ಊರಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ರಜೆಯ ದಿನ ಅವನ ಜೊತೆ ಆಡುತ್ತಿದ್ದೆ, ಕೆಟ್ಟದಾಗಿ.

ಅವನು ಗಾಲ್ಫ್ ಆಡುತ್ತಿದ್ದುದು ಮಾತ್ರ ಬಲಗಡೆಯಿಂದ. ಕೆಲಸಕ್ಕೆ ಸೇರಿದಾಗ ಮೈದಾನದಲ್ಲಿ ಎಡಚರ ಕೋಲು ಒಂದೂ ಇರಲಿಲ್ಲವಂತೆ. "ಕೋಲು ನಿನಗೋಸ್ಕರ ತಿರುಗಲ್ಲಪ್ಪಾ, ನೀನೇ ತಿರುಗು" ಎಂದರಂತೆ ಹಿರಿಯ ಮೇಸ್ತ್ರಿ. ತಿರುಗಿದ. ಚೆನ್ನಾಗಿಯೇ ಆಡಿದ.

ಹದಿನೆಂಟು ವರ್ಷದ ಹಿಂದೆ ಒಬ್ಬ ದಂತವೈದ್ಯೆ ಅವನ ಕೋಣೆಗೆ ಬಂದರು. ಎಡಗಡೆಯಿಂದ ಹೊಡೆಯುವವರು. ಅಂಗಡಿಯಲ್ಲಿ ಎಡಚರ ಕೋಲು ಕೇಳಿದರೆ "ಎರಡಿದೆ, ಸಾಕಾ?" ಎನ್ನುತ್ತಾರೆ ಎಂದು ದೂರಿದರು. ಉಲ್ಟಾ ಅಲ್ಲಿ ಇಲ್ಲಿ ಪತ್ರ ಬರೆದು, ಎಡಚರ ಕೋಲಿನ ಹಳೆಯ ತಲೆಗಳನ್ನು ತರಿಸಿ, ಕುತ್ತಿಗೆಗೆ ಬೆಂಕಿ ಹಿಡಿದು ಬಿಡಿಸಿ, ಬೇರೆ ದಂಡಕ್ಕೆ ಕೂರಿಸಿ, ಒಂದು ಪೂರ್ತಿ ಸೆಟ್ ಮಾಡಿಕೊಟ್ಟ. ಸುದ್ದಿ ಹರಡಿತು. ಇನ್ನಷ್ಟು ಎಡಚರು ಬಂದರು. ಅವರನ್ನೆಲ್ಲ ಕೂಡಿಸಿ ಸಂಘ ಮಾಡಿದ. ದಂತವೈದ್ಯೆ ಅಧ್ಯಕ್ಷೆ, ಇವನು ಕಾರ್ಯದರ್ಶಿ. ಬಲಗಡೆಯಿಂದ ಆಡುವವನಾದ್ದರಿಂದ ಆಟದ ಸದಸ್ಯನಾಗುವ ಹಾಗಿರಲಿಲ್ಲ.

"ಊರಿಗೆಲ್ಲ ಮದುವೆ ಮಾಡಿಸೋ ದಲ್ಲಾಳಿ, ತಾನು ಮಾತ್ರ ಬ್ರಹ್ಮಚಾರಿ" ಎಂದು ನಾನು ಚುಡಾಯಿಸುತ್ತಿದ್ದೆ.

"ದಲ್ಲಾಳಿಗೆ ಮದುವೆ ಆದ್ರೆ ದಲ್ಲಾಳಿ ಕೆಲಸ ಯಾರು ಮಾಡ್ತಾರೋ?" ಎನ್ನುತ್ತಿದ್ದ.

ಪತ್ರ ಬರೆಯುತ್ತ ಬರೆಯುತ್ತ ಅವನಿಗೆ ಎಡಚರ ಗಾಲ್ಫಿನ ಚರಿತ್ರೆಯ ಹುಚ್ಚು ಹತ್ತಿತು. ನನ್ನ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಕೊಟ್ಟೆ, ಅದು ಹೆಚ್ಚೇನಿರಲಿಲ್ಲ. ಉಳಿದದ್ದು ಬೇರೆ ದೇಶಗಳ ಕಾರ್ಯದರ್ಶಿಗಳಿಂದ ಬಂತು. ಸುಮಾರು ತೊಂಬತ್ತು ವರ್ಷದ ಹಿಂದೆ ಸಮುದ್ರದಾಚೆಯ ಒಂದು ದೇಶದ ಎಡಚರು ತಮ್ಮದೇ ಸಂಘ ಕಟ್ಟಿ, ತಮ್ಮದೇ ಪಂದ್ಯ ನಡೆಸಿದ್ದರು. ಆಮೇಲೆ ಒಂದೊಂದೇ ದೇಶ. ಸುಮಾರು ನಲವತ್ತು ವರ್ಷ ಕಳೆದ ಮೇಲೆ ಎಲ್ಲವನ್ನೂ ಸೇರಿಸಿದ ಲೋಕ ಸಂಘ, ಆ ದೇಶ ಈ ದೇಶ ಎಂದು ಸರದಿಯ ಮೇಲೆ ನಡೆಯುವ ಕೂಟ. ಮಂಜುಗಡ್ಡೆಯ ಮೇಲೆ ಹಾಕಿ ಆಟ ಆಡುವ ನಾಡಿನಲ್ಲಿ ಎಡಗಡೆಯಿಂದ ಹೊಡೆಯುವವರು ಬೇರೆಲ್ಲ ದೇಶಗಳಿಗಿಂತ ಹೆಚ್ಚು ಎಂದು ತಿಳಿದ ದಿನ ಅವನು ಗ್ರಂಥಾಲಯಕ್ಕೇ ಓಡಿ ಬಂದಿದ್ದ. "ಅವರಲ್ಲಿ ಎಷ್ಟೋ ಜನ ಬರೆಯೋದು ಬಲಗೈಲಿ ಕಣೋ! ಕೈ ಬೇರೆ, ಮಗ್ಗುಲು ಬೇರೆ." ಗಟ್ಟಿಯಾಗಿ ಮಾತಾಡಬಾರದೆಂಬ ಫಲಕದ ಕೆಳಗೆ ನಿಂತು ಕೂಗಿದ. ನಮ್ಮ ಸಂಘದಲ್ಲೂ ಮೂವರು ಬಲಗೈಯಲ್ಲಿ ಬರೆಯುವವರು. ಅಚ್ಚ ಎಡಚನಾಗಿ ಹುಟ್ಟಿದವನು ಹೊರಗೆ.

ಈ ವರ್ಷ ಸಂಘಕ್ಕೆ ಕುತ್ತು ಬಂತು. ದೇಶದ ಒಕ್ಕೂಟದ ನಿಯಮವೊಂದಿದೆ. ಪ್ರತಿ ಸಂಘವೂ ವರ್ಷಕ್ಕೊಮ್ಮೆ ಎಂಟು ಜನರ ಎಂಟು ಕಾರ್ಡು ಕಳಿಸಬೇಕು. ಒಂದೊಂದು ಕಾರ್ಡೂ ಹದಿನೆಂಟು ಕುಳಿಯ ಪೂರ್ತಿ ಆಟದ್ದು, ಪ್ರತಿ ಹೊಡೆತವೂ ಎಡಗಡೆಯಿಂದ. ಎಷ್ಟು ಹೊಡೆತವಾದರೂ ಸರಿ, ಲೆಕ್ಕ ಮಾತ್ರ ನಿಜವಿರಬೇಕು. ಒಂದು ಕಾರ್ಡು ಕಡಿಮೆಯಾದರೂ ಸಂಘದ ಹೆಸರು ಹೊಡೆದುಹಾಕುತ್ತಾರೆ. ಲೋಕ ಕೂಟಕ್ಕೆ ಹೋಗಲು ದಂತವೈದ್ಯೆಗೆ ಇದೇ ಮೊದಲ ಸಲ ಅವಕಾಶ ಸಿಕ್ಕಿತ್ತು. ಎಂಟನೆಯವನಾದ ಬಸ್ ಡ್ರೈವರ್‌ಗೆ ಬೆನ್ನಿನ ಆಪರೇಷನ್ ಆಯಿತು. ಉಳಿದವರು ಏಳು ಜನ.

ಎಡಚರು ಬೇಕು ಎಂದು ನೋಟಿಸು ಅಂಟಿಸಿದೆವು. ಇಬ್ಬರು ಬಂದರು. ಒಬ್ಬ ಬರೆಯುವುದು ಎಡಗೈಯಲ್ಲಿ, ಹೊಡೆಯುವುದು ಬಲಗಡೆಯಿಂದ, ಇವನ ಹಾಗೆಯೇ. ಇನ್ನೊಬ್ಬ ಅದನ್ನು ಹುಲ್ಲು ಕತ್ತರಿಸುವ ಕೆಲಸ ಎಂದುಕೊಂಡಿದ್ದ, ಸಂಬಳ ಕೇಳಿದ.

"ನಾನೇ ಆಡ್ತೀನಿ" ಎಂದ ಉಲ್ಟಾ. ಆರು ವಾರ ಉಳಿದಿತ್ತು.

ಅವನ ಹೆಂಡತಿ ದರ್ಜಿ. ನಾನು ಹೋದಾಗ ಅತ್ತಿಗೆ ಯಂತ್ರ ನಿಲ್ಲಿಸದೆಯೇ ಹೇಳಿದರು: "ನೋಡಿದ್ರಾ ನಿಮ್ಮ ಗೆಳೆಯನ್ನ? ಹುಟ್ಟಿದಾಗಿಂದ ಉಲ್ಟಾ ಇದ್ದ ಮನುಷ್ಯ, ಈಗ ನೇರ ಆಗ್ತಾರಂತೆ. ಅಡುಗೆಮನೇಲಿ ಪೊರಕೆ ಹಿಡ್ಕೊಂಡು ಅಭ್ಯಾಸ. ಕಸ ಮಾತ್ರ ಅಲ್ಲೇ ಇದೆ."

"ಕಸ ಹೊಡೆಯೋದು ಬೇರೆ ಆಟ ಕಣೇ" ಎಂದ ಒಳಗಿನಿಂದ.

ಮೂವತ್ತೆಂಟು ವರ್ಷ ಒಂದು ಕಡೆ ತಿರುಗಿದ ಮೈ ಇನ್ನೊಂದು ಕಡೆ ತಿರುಗಲು ಒಪ್ಪಲಿಲ್ಲ. ಚೆಂಡು ಹುಲ್ಲಿನಲ್ಲಿ ಉರುಳಿ ಹತ್ತು ಮಾರು ದೂರಕ್ಕೆ ನಿಲ್ಲುತ್ತಿತ್ತು. ಮೈದಾನದ ಮಾಲಿಗಳು ಕೆಲಸ ಬಿಟ್ಟು ನೋಡುತ್ತಿದ್ದರು. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನನಗೆ ಹಾಗನ್ನೋಕೂ ಇಲ್ಲ. ನೆಲ ಮಟ್ಟ ಮಾಡೋರು ಎದುರಿಗೇ ನಿಂತಿದ್ದಾರೆ" ಎಂದು ಅವನೇ ನಗಿಸಿದ. ನಾಲ್ಕನೆಯ ವಾರದಲ್ಲಿ ಎಡತೋಳು ನೋಯುತ್ತದೆ ಎಂದ. ಹೊಸ ಅಭ್ಯಾಸದ ನೋವು ಎಂದೆ ನಾನು. ಹಾಗೆಂದೆ.

ಶನಿವಾರ ಕೊನೆಯ ದಿನ. ಬೆಳಿಗ್ಗೆ ಆರಕ್ಕೆ ಶುರು ಮಾಡಿದೆವು. ಹೊಡೆತ ಎಣಿಸಿ ಕಾರ್ಡಿನಲ್ಲಿ ಬರೆಯುವ ಕೆಲಸ ನನ್ನದು. ಅವನು ಹೊಡೆಯುವಾಗ ಬೆನ್ನ ಹಿಂದೆ ನಿಲ್ಲುವುದು ನನಗೆ ರೂಢಿ. ಎದುರಿಗೆ ಯಾರಾದರೂ ಇದ್ದರೆ ಅವನಿಗೆ ಆಗುತ್ತಿರಲಿಲ್ಲ. ಅದೇ ಜಾಗಕ್ಕೆ ಹೋಗಿ ನಿಂತೆ. ಅವನು ಚೆಂಡಿನ ಆ ಬದಿಗೆ ಹೋಗಿ ನನ್ನ ಕಡೆ ತಿರುಗಿ ನಿಂತ.

"ಲೋ, ಎದುರಿಗೇ ನಿಂತಿದ್ದೀಯಲ್ಲೋ."

"ನಾನು ಯಾವಾಗಲೂ ನಿಲ್ಲೋದು ಇಲ್ಲೇ."

"ಹೌದು. ತಿರುಗಿರೋದು ನಾನು. ಆ ಕಡೆ ಹೋಗು."

ಹೋದೆ. ಎರಡನೆಯ ಕುಳಿಯಲ್ಲಿ ಮತ್ತೆ ಅದೇ ತಪ್ಪು ಮಾಡಿದೆ, ಐದರಲ್ಲೂ ಮಾಡಿದೆ. ಕೊನೆಗೆ "ಇರು ಬಿಡು, ಅಭ್ಯಾಸ ಆಯ್ತು" ಎಂದ. ಹಾಗಾಗಿ ಅವನು ಹೊಡೆಯುವಾಗಿನ ಮುಖವನ್ನು ಅವತ್ತು ಮೊದಲ ಸಲ ನೋಡಿದೆ. ತುಟಿ ಕಚ್ಚಿಕೊಳ್ಳುತ್ತಿದ್ದ. ಹತ್ತು ಗಂಟೆಯ ಹೊತ್ತಿಗೆ ತುಟಿಯ ಸುತ್ತ ಬಣ್ಣ ಇಳಿದಿತ್ತು. ಬಿಸಿಲು ಎಂದುಕೊಂಡೆ.

ಹದಿನಾಲ್ಕರಲ್ಲಿ ಚೆಂಡು ಬೇಲಿಗೆ ಒತ್ತಿ ನಿಂತಿತು. ಎಡಗಡೆಯಿಂದ ನಿಲ್ಲಲು ಜಾಗವಿಲ್ಲ. ಬಲಗಡೆಯಿಂದ ಮಗುವೂ ಹೊಡೆಯಬಹುದಿತ್ತು. ಸುತ್ತ ಯಾರೂ ಇರಲಿಲ್ಲ.

"ಒಂದೇ ಒಂದು ಆ ಕಡೆಯಿಂದ ತಳ್ಳು. ನಾನು ಶೂ ಲೇಸ್ ಕಟ್ತಾ ಇದ್ದೆ ಅನ್ಕೋ."

"ಚಪ್ಪಲಿ ಹಾಕ್ಕೊಂಡು ಬಂದಿದ್ದೀಯ" ಎಂದ. ತಪ್ಪುದಂಡವಾಗಿ ಒಂದು ಹೊಡೆತ ಸೇರಿಸಿಕೊಂಡು ಚೆಂಡನ್ನು ಎತ್ತಿ ಹಿಂದಕ್ಕೆ ಇಳಿಸಿದ.

ಹನ್ನೆರಡು ಗಂಟೆಗೆ ಹದಿನೆಂಟನೆಯ ಕುಳಿಯಲ್ಲಿ ಚೆಂಡು ಬಿತ್ತು.

ಕಾರ್ಡನ್ನು ದಂತವೈದ್ಯೆ ಅದೇ ಸಂಜೆ ಉಳಿದ ಏಳರ ಜೊತೆ ಕಳಿಸಿದರು. "ಅಣ್ಣ ಇಲ್ಲ ಅಂತ ಬರೀಬೇಕಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರು ಬರೆದರು. ಕಾರ್ಡು ಪೂರ್ತಿಯಾಗಿದೆ, ಸಹಿ ಇದೆ, ಲೆಕ್ಕ ಸರಿಯಿದೆ, ಆಡಿದವರು ಆಮೇಲೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಒಕ್ಕೂಟದಿಂದ ಉತ್ತರ ಬಂತು. ಸಂಘ ಈ ವರ್ಷ ಇರುತ್ತದೆ. ದಂತವೈದ್ಯೆ ಕೂಟಕ್ಕೆ ಹೋಗುತ್ತಾರೆ. ಅತ್ತಿಗೆಗೆ ಹೇಳಿದೆ. "ಸರಿ" ಎಂದರು. ಹೊಲಿಯುತ್ತಿದ್ದ ತೋಳನ್ನು ತಿರುಗಿಸಿ ನೋಡಿ, ಮತ್ತೆ ಯಂತ್ರಕ್ಕೆ ಕೊಟ್ಟರು.

ಲೆಕ್ಕ ಸರಿಯಾದದ್ದು ಹೀಗೆ. ಬೆಂಚಿನ ಮೇಲೆ ಕೂತು ಅವನು ಕಾರ್ಡು ಕೇಳಿದ. ನೂರ ಐವತ್ತಮೂರು ಎಂದು ನಾನು ಮೊತ್ತ ಬರೆದಿದ್ದೆ. ಅವನು ಪೆನ್ಸಿಲ್ಲಿನ ತುದಿಯನ್ನು ಒಂದೊಂದೇ ಮನೆಯ ಮೇಲೆ ಇಟ್ಟುಕೊಂಡು ಬಂದು ಹನ್ನೊಂದರಲ್ಲಿ ನಿಂತ.

"ಇಲ್ಲಿ ಎಂಟು ಬರ್ದಿದ್ದೀಯ. ಒಂಬತ್ತು."

"ಎಂಟೇ. ಎಣಿಸಿದ್ದೀನಿ."

"ಮರದ ಕೆಳಗೆ ಬೀಸಿದ್ನಲ್ಲ, ತಾಗಲಿಲ್ಲ. ಅದು?"

"ಅದು ಸುಮ್ಮನೆ ಕೈ ಆಡಿಸಿದ್ದು ಅನ್ಕೊಂಡೆ."

"ಹೊಡೆಯೋಕೇ ಬೀಸಿದ್ದು ಕಣೋ. ಹೊಡೀಬೇಕು ಅಂತ ಬೀಸಿದ್ರೆ ಲೆಕ್ಕ."

ಎಂಟನ್ನು ಹೊಡೆದು ಒಂಬತ್ತು ಮಾಡಿದ. ಮೊತ್ತವನ್ನು ನೂರ ಐವತ್ತನಾಲ್ಕು ಮಾಡಿದ. ಕೆಳಗೆ ಸಹಿ ಹಾಕಿ, ಕಾರ್ಡನ್ನು ನನ್ನ ತೊಡೆಯ ಮೇಲಿಟ್ಟು, ನೀನೂ ಹಾಕು ಎಂದು ಪೆನ್ಸಿಲ್ ಕೊಟ್ಟ.