ಬಸವನ ಗುಡಿಯ ಮುಂದೆ ಹೋದ ಒಂದೂವರೆ ನಿಮಿಷ

೧೯೬೬ರಲ್ಲಿ ನಾನು ಹುಣಸೂರಿನಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಭಗವಂತನ ಕೃಪೆಯಿಂದ ದೀರ್ಘಕಾಲದ ಸೇವೆಯಲ್ಲಿ ಅನೇಕ ಪ್ರಕರಣಗಳನ್ನು ಕಂಡಿದ್ದೇನೆ. ನೆನೆದಾಗಲೆಲ್ಲ ನಗು ಬರುವುದು ಮಾತ್ರ ಒಂದು ಓಟದ ಪ್ರಕರಣಕ್ಕೆ.

ನಮ್ಮ ಪೇದೆ ನಂಜಯ್ಯ, ಎನ್. ಬೇಗೂರು ಎಂಬ ಹಳ್ಳಿಯ ಕಡೆಯವನು, ಮಿತಭಾಷಿ, ಶಿವಭಕ್ತ. ದಫೇದಾರನಾಗಿ ಬಡ್ತಿ ಪಡೆಯಲು ಸರ್ಕಲ್ ಇನ್ಸ್‌ಪೆಕ್ಟರರ ಸಮಕ್ಷಮದಲ್ಲಿ ಎಂಟು ನಿಮಿಷದೊಳಗೆ ಒಂದು ಮೈಲಿ ಓಡಬೇಕಿತ್ತು. ಠಾಣೆಯಿಂದ ಬಿಳಿಕೆರೆ ರಸ್ತೆಯಲ್ಲಿ ಅರ್ಧ ಮೈಲಿ ಹೋಗಿ, ಬಸವನ ಗುಡಿಯೆದುರಿನ ಕಲ್ಲನ್ನು ಮುಟ್ಟಿ ಹಿಂದಿರುಗಬೇಕು. ನಂಜಯ್ಯ ಎರಡು ಸಲವೂ ಒಂಬತ್ತು ನಿಮಿಷ ದಾಟಿದ್ದ. ಮೂರನೆಯದೇ ಕಡೆಯ ಅವಕಾಶ.

ಆಗ ನೆನಪಾದವರು ಊರಿನವರು ‘ಓಟದ ದೊರೆ’ ಎನ್ನುತ್ತಿದ್ದ ಐರ್ಲೆಂಡಿನ ವೃದ್ಧರು. ಯೌವನದಲ್ಲಿ ತಮ್ಮ ದೇಶದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದು, ತಮ್ಮ ಸೀಮೆಯ ಮೊದಲ ಓಟದ ಸಂಘವನ್ನು ಕಟ್ಟಿ, ಪೇದೆಗಳನ್ನೂ ರೈತರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದವರು. ಐರ್ಲೆಂಡ್ ಸ್ವತಂತ್ರವಾಗಿ ಅವರ ಪೊಲೀಸ್ ಪಡೆ ವಿಸರ್ಜನೆಯಾದ ಮೇಲೆ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಬಂದು, ಎಂಬತ್ತರ ಅಂಚಿನಲ್ಲಿ ನಮ್ಮೂರಿನಲ್ಲಿ ನೆಲೆಸಿದ್ದರು. ತೋಟದ ಆಳುಗಳಿಂದ ಕಲಿತ ಕನ್ನಡ ಅವರದು.

ನಾನು ಕೇಳಿಕೊಂಡ ಮೇಲೆ, ನಂಜಯ್ಯನ ಅಭ್ಯಾಸದ ಓಟ ನೋಡಲು ಮೂರು ದಿನ ಅವರು ಸ್ಟಾಪ್‌ವಾಚ್ ಹಿಡಿದು ಠಾಣೆಯ ಮುಂದೆ ಕುಳಿತರು. ನಾಲ್ಕನೆಯ ದಿನ ಹೇಳದೆ ಹೋಗಿ ಗುಡಿಯ ಬಳಿಯ ಹುಣಸೆ ಮರದ ಹಿಂದೆ ನಿಂತರು. ಹಿಂದಿರುಗಿ ಬಂದಾಗ ಅವರ ಮುಖ ಅರಳಿತ್ತು. ನಂಜಯ್ಯ ಗುಡಿಯ ಮುಂದೆ ಕುಳಿತು ಬೂಟಿನ ಲೇಸು ಬಿಚ್ಚಿ, ಬರಿಗಾಲಲ್ಲಿ ಕೈಮುಗಿದು, ಮತ್ತೆ ಲೇಸು ಕಟ್ಟಿ ಹೊರಡುತ್ತಿದ್ದನಂತೆ. ಅದಕ್ಕೆ ಹಿಡಿದದ್ದು ಒಂದೂವರೆ ನಿಮಿಷ. ಹಿಂದಿನ ಪರೀಕ್ಷೆಗಳಲ್ಲಿ ಕಲ್ಲಿನ ಬಳಿ ಕಾವಲಿದ್ದ ಪೇದೆಯನ್ನು ಕರೆದು, ಇದನ್ನೇಕೆ ಹೇಳಲಿಲ್ಲವೆಂದು ಗದರಿದೆ.

“ಕೈ ಮುಗಿಯೋದೂ ಯೋಳ್ಬೇಕಾ ಸ್ವಾಮಿ? ಎಲ್ಲಾರೂ ಮುಗಿಯೋದೇ ಅಲ್ವಾ” ಎಂದ ಆತ.

ನಂಜಯ್ಯ ತಲೆ ತಗ್ಗಿಸಿ ನಿಂತಿದ್ದ. “ಬೂಟಾಕ್ಕಂಡು ಬಸಪ್ಪನ ಮುಂದೆ ಎಂಗೆ ಓಡ್ಲಿ ಸ್ವಾಮಿ? ಬಡ್ತಿ ಓದ್ರೆ ಓಗ್ಲಿ ಬುಡಿ.”

ಅವನ ನಿಷ್ಠೆಯನ್ನು ಬಿಡಿಸಲು ನಾನು ಯಾರು? ದೊರೆ ಮಾತ್ರ ಟೋಪಿ ತೆಗೆದು ತೋರಿಸಿದರು. “ನಮ್ಮೂರಲ್ಲೂ ಚರ್ಚ್ ಮುಂದೆ ಹಿಂಗೆ ಟೋಪಿ ತೆಗೀತೀವಿ ಕಣಪ್ಪ. ಟೋಪಿ ತೆಗೆಯೋಕೆ ನಿಲ್ಲಬೇಕಾಗಿಲ್ಲ. ನಿನ್ನ ಬೂಟು ನಿಲ್ಲಿಸ್ತದೆ. ಬೂಟು ಠಾಣೇಲೇ ಬಿಟ್ಟು ಓಡು.”

ಅನುಮತಿ ಬೇಡುವುದು ನನ್ನ ಪಾಲಿಗೆ ಬಂತು. ಸರ್ಕಲ್ ಇನ್ಸ್‌ಪೆಕ್ಟರರು ನಿಯಮಾವಳಿಯನ್ನು ಎರಡು ಸಲ ತಿರುವಿ ಹಾಕಿದರು. ಓಟಕ್ಕೆ ಬೂಟು ಕಡ್ಡಾಯವೆಂದು ಎಲ್ಲಿಯೂ ಬರೆದಿರಲಿಲ್ಲ. “ಓಡಲಿ ಬಿಡಿ. ಮುಳ್ಳು ಚುಚ್ಚಿದರೆ ನನ್ನನ್ನು ಕೇಳಬೇಡಿ” ಎಂದು ನಕ್ಕರು.

ಪರೀಕ್ಷೆಯ ಬೆಳಗ್ಗೆ ನಂಜಯ್ಯ ಬರಿಗಾಲಲ್ಲಿ ಹೊರಟ. ಬಾಲ್ಯದಲ್ಲಿ ದನದ ಹಿಂದೆ ಓಡಿದ ಕಾಲುಗಳವು. ಕಲ್ಲನ್ನು ಮುಟ್ಟಿ, ತಿರುಗುತ್ತಲೇ ಕೈಮುಗಿದು, ಒಂದು ಹೆಜ್ಜೆಯನ್ನೂ ನಿಲ್ಲಿಸದೆ ಬಂದನಂತೆ. ದೊರೆಯ ಗಡಿಯಾರ ಏಳು ನಿಮಿಷ ನಲವತ್ತು ಸೆಕೆಂಡು ತೋರಿಸಿತು. ಠಾಣೆಯ ಮುಂದೆ ಚಪ್ಪಾಳೆ ಬಿತ್ತು.

ಅನಂತರ ಅವನು ಕಾಯಿ ಒಡೆಯಲು ಗುಡಿಗೆ ನಡೆದಾಗ ನಾವೂ ಜೊತೆಗೂಡಿದೆವು. ದೊರೆ ಕಲ್ಲಿನ ಮೇಲೆ ಕುಳಿತು, ಮುದಿ ಬೆರಳುಗಳಿಂದ ತಮ್ಮ ಬೂಟಿನ ಲೇಸು ಬಿಚ್ಚತೊಡಗಿದರು. ಬಹಳ ಹೊತ್ತಾಯಿತು. ನಂಜಯ್ಯ ಕಾಯಿ ಹಿಡಿದು, ಅವರು ಬರುವವರೆಗೂ ಕಾದು ನಿಂತ.

ಒಬ್ಬನು ಹಿಂದೆ ಬಿದ್ದರೆ ಅವನ ಕಾಲುಗಳನ್ನು ದೂರುವ ಮುನ್ನ, ಅವನು ಎಲ್ಲಿ ನಿಲ್ಲುತ್ತಾನೆಂದು ಹೋಗಿ ನೋಡಬೇಕು. ಠಾಣೆಯ ಕುರ್ಚಿಯಲ್ಲಿ ಕುಳಿತಿದ್ದ ನನಗೆ ಅದು ಕಾಣಿಸಿರಲಿಲ್ಲ.