ಬೊಟ್ಟು ಕೇಳಿದ ಫೋನ್

“ಮುಖ ಹೊಂದುತ್ತಿಲ್ಲ” ಎಂದು ಫೋನ್ ಮತ್ತೆ ಮತ್ತೆ ತೋರಿಸುತ್ತಿತ್ತು. ಗಂಗಮ್ಮ ಗುದ್ದಲಿ ಹಿಡಿದು ಕಾಲುವೆ ದಂಡೆಯ ಮೇಲೆ ಹಾಗೇ ನಿಂತಿದ್ದರು. ಬೊಮ್ಮನಹಾಳ್ ಬಳಿ ಹೂಳೆತ್ತುವ ಕೂಲಿಯವರಿಗೆ ಹಾಜರಿ ಹಾಕುವವಳು ನಾನು. ಕೃತಕ ಬುದ್ಧಿಮತ್ತೆಯ ಆ್ಯಪ್ ಮುಖ ಗುರುತಿಸದಿದ್ದರೆ ಹಾಜರಿಯಿಲ್ಲ, ಕೂಲಿಯೂ ಇಲ್ಲ. ಆ್ಯಪಿನಲ್ಲಿದ್ದ ಹಳೆಯ ಫೋಟೊದಲ್ಲಿ ಅವರ ಹಣೆಯ ಮೇಲೆ ಅಗಲವಾದ ಬೊಟ್ಟಿತ್ತು. ಗಂಡ ತೀರಿಕೊಂಡ ದಿನ ಊರವರು ಅದನ್ನು ಅಳಿಸಿದ್ದರು.

ನನ್ನ ಹಣೆಯ ಸ್ಟಿಕರ್ ಬೊಟ್ಟನ್ನೇ ಕಿತ್ತು ಅವರಿಗೆ ಅಂಟಿಸಿದೆ. ಫೋನ್ ಒಪ್ಪಿತು. ಬೊಟ್ಟು ತೆಗೆಯಲು ಹೋದರೆ ಗಂಗಮ್ಮ ನನ್ನ ಕೈ ಹಿಡಿದರು.

“ಇರ್ಲಿ ಬಿಡವ್ವ, ನಾಳಿ ಹಾಜರಿಗೂ ಬೇಕಾಗ್ತೈತಿ.”

ಈಗ ದಿನಾ ಬೊಟ್ಟಿಟ್ಟುಕೊಂಡೇ ಬರುತ್ತಾರೆ. ಯಾರಾದರೂ ಕೊಂಕು ತೆಗೆದರೆ ತಪ್ಪನ್ನು ಫೋನಿನ ಮೇಲೆ ಹಾಕುತ್ತಾರೆ. ಬೊಟ್ಟಿಲ್ಲದಿದ್ದರೂ ಅದು ಒಪ್ಪುತ್ತದೇನೋ. ಪರೀಕ್ಷಿಸಿ ನೋಡಲು ನಾನಂತೂ ಹೋಗಿಲ್ಲ.